ಬಿಸಿಯಾದ ಮೇಲೆ ರೇಸ್ ಇಳಿಯದ ಆರ್‌ಡಿ 350: ಕೊಳ್ಳುವ ಮುಂಚೆ ದೋಷ ಹುಡುಕುವ ಬಗೆ

ಗಾಡಿ ತಣ್ಣಗಿದ್ದಾಗ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಸ್ಲೋ ಸ್ಪೀಡ್ ನೀಟಾಗಿ ನಿಲ್ಲುತ್ತದೆ. ಸ್ವಲ್ಪ ದೂರ ಓಡಿಸಿ ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ರೇಸ್ ಇಳಿಯುವುದಿಲ್ಲ. 1200ರ ಆಸುಪಾಸಿಗೆ ಬರಬೇಕಾದ ಆರ್‌ಪಿಎಂ ಮುಳ್ಳು 2500, 3000ದಲ್ಲೇ ನಿಂತಿರುತ್ತದೆ. ಕೆಲವೊಮ್ಮೆ ತಾನಾಗಿಯೇ ಇನ್ನೂ ಮೇಲಕ್ಕೆ ಹೋಗುತ್ತದೆ. ಹಳೆಯ ಯಮಾಹಾ ಆರ್‌ಡಿ 350 ಅಥವಾ ನಮ್ಮಲ್ಲೇ ತಯಾರಾದ ರಾಜದೂತ್ 350 ಮಾರಾಟಕ್ಕಿದೆ ಎಂದು ನೋಡಲು ಹೋದವರಿಗೆ ಈ ದೋಷ ಆಗಾಗ ಎದುರಾಗುತ್ತದೆ. ಮಾರುವವರು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: ಕಾರ್ಬೊರೇಟರ್ ಕ್ಲೀನ್ ಮಾಡಿಸಿದರೆ ಸರಿಹೋಗುತ್ತದೆ.

ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಬಿಚ್ಚಿ ತೊಳೆದ ದಿನ ಗಾಡಿ ಸ್ವಲ್ಪ ಚೆನ್ನಾಗಿ ಓಡಿದ ಹಾಗೆ ಅನಿಸುತ್ತದೆ, ಆಮೇಲೆ ಮತ್ತೆ ಅದೇ ಕತೆ. ಎಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳೆಯುತ್ತಿರುತ್ತದೆ. ಆ ಜಾಗ ಯಾವುದು ಎಂದು ಗೊತ್ತಾಗುವ ತನಕ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಬದಲಿಸಬೇಡಿ, ಸ್ಕ್ರೂ ತಿರುಗಿಸಬೇಡಿ, ಅಡ್ವಾನ್ಸ್ ಹಣ ಕೂಡ ಕೊಡಬೇಡಿ.

ಯಾಕೆ ಅಂದರೆ, ಟು-ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಹೋಗುವುದು ಕೆಳಗಿನ ಕ್ರ್ಯಾಂಕ್ ಕೋಣೆಗೆ. ಪಿಸ್ಟನ್ ಮೇಲೆ ಹೋದಾಗ ಆ ಕೋಣೆ ಮಿಶ್ರಣವನ್ನು ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಕೋಣೆ ಗಾಳಿಯಾಡದ ಹಾಗೆ ಮುಚ್ಚಿದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ. ಎಲ್ಲಾದರೂ ಸಣ್ಣ ಸಂದಿ ಬಿದ್ದರೆ ಕಾರ್ಬೊರೇಟರ್ ಅಳೆದು ಕೊಟ್ಟ ಗಾಳಿಯ ಜೊತೆ ಅಳತೆಯಿಲ್ಲದ ಗಾಳಿಯೂ ಸೇರುತ್ತದೆ. ಮೆಕ್ಯಾನಿಕ್‌ಗಳು ಲೀನ್ ಅನ್ನುವುದು ಇದನ್ನೇ, ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಆಗ ರೇಸ್ ಏರುತ್ತದೆ, ಪಿಸ್ಟನ್ ತಲೆ ವಿಪರೀತ ಬಿಸಿಯಾಗುತ್ತದೆ. ಹೀಗೇ ಓಡಿಸುತ್ತಾ ಹೋದರೆ ಒಂದು ದಿನ ಹೆದ್ದಾರಿಯಲ್ಲಿ ಪಿಸ್ಟನ್ ಹಿಗ್ಗಿ ಬೋರಿನಲ್ಲಿ ಜಾಮ್ ಆಗುತ್ತದೆ, ಹಿಂದಿನ ಚಕ್ರ ಲಾಕ್ ಆಗುತ್ತದೆ. ಸಿಗ್ನಲ್‌ನಲ್ಲಿ ರೇಸ್ ಇಳಿಯದಿರುವುದು ಎಂಜಿನ್ ಮೊದಲೇ ಕೊಡುವ ಸೂಚನೆ. ಅದನ್ನು ಬರೀ ಟ್ಯೂನಿಂಗ್ ತೊಂದರೆ ಎಂದು ಬಿಟ್ಟುಬಿಡುವುದು ಅಪಾಯ.

ಚೆನ್ನಾಗಿ ಇಟ್ಟ ಗಾಡಿಗೇ ಯಾಕೆ?

ಯಮಾಹಾ ಈ ಗಾಡಿಯನ್ನು ತಂದದ್ದು 1973ರಲ್ಲಿ. 347 ಸಿಸಿ, 64 ಮಿ.ಮೀ. ಬೋರ್, 54 ಮಿ.ಮೀ. ಸ್ಟ್ರೋಕ್, ಎರಡು ಸಿಲಿಂಡರ್, ಮಿಶ್ರಣವನ್ನು ಒಳಗೆ ಬಿಟ್ಟು ವಾಪಸ್ ಬಿಡದ ರೀಡ್ ವಾಲ್ವ್, ಆರು ಗೇರ್. ಎಸ್ಕಾರ್ಟ್ಸ್ ಕಂಪನಿ 1983ರಿಂದ ಫರೀದಾಬಾದಿನಲ್ಲಿ ಇದನ್ನೇ ರಾಜದೂತ್ 350 ಎಂದು ತಯಾರಿಸಿತು. ಮುಂದಿನ ಡಿಸ್ಕ್ ಬ್ರೇಕ್ ಹೋಗಿ ಡ್ರಮ್ ಬಂತು, ಎಚ್‌ಟಿ (ಹೈ ಟಾರ್ಕ್) ಮತ್ತು ಎಲ್‌ಟಿ (ಲೋ ಟಾರ್ಕ್) ಎಂಬ ಎರಡು ಬಗೆ ಬಂದವು. ಆ ದಶಕ ಮುಗಿಯುವ ಹೊತ್ತಿಗೆ ತಯಾರಿಕೆಯೂ ಮುಗಿಯಿತು. ಅಂದರೆ ಇವತ್ತು ಮಾರಾಟಕ್ಕೆ ಬರುವ ಅತಿ ಹೊಸ ಗಾಡಿಗೂ ಮೂವತ್ತೈದು ವರ್ಷ ದಾಟಿದೆ.

ಈ ವಯಸ್ಸಿನಲ್ಲಿ ದಿನಾ ಓಡುವ ಗಾಡಿಯ ಬಣ್ಣ ಹೋಗಿರುತ್ತದೆ, ಆದರೆ ಸೀಲುಗಳಿಗೆ ಎಣ್ಣೆ ಹತ್ತುತ್ತಲೇ ಇರುತ್ತದೆ. ಹೊದಿಕೆ ಹಾಕಿ, ಕ್ರೋಮ್ ಒರೆಸಿ, ಹಬ್ಬಕ್ಕೊಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸಿದ ಗಾಡಿಯ ಪರಿಸ್ಥಿತಿ ಬೇರೆ. ಕ್ರ್ಯಾಂಕಿನ ಎರಡೂ ತುದಿಯಲ್ಲಿರುವ ಆಯಿಲ್ ಸೀಲಿನ ರಬ್ಬರ್ ತುಟಿ ಒಣಗಿ ಗಟ್ಟಿಯಾಗುತ್ತದೆ. ಪುಣೆಯ ಮಳೆಗಾಲದ ನಾಲ್ಕು ತಿಂಗಳ ತೇವಕ್ಕೆ ಆ ತುಟಿ ಕೂರುವ ಜಾಗದಲ್ಲೇ ಶಾಫ್ಟಿಗೆ ಸಣ್ಣ ತುಕ್ಕು ಹಿಡಿಯುತ್ತದೆ. ಮುಂಬೈ, ಗೋವಾದ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಆಮೇಲೆ ಒಂದು ದಿನ ಗಾಡಿ ತಿರುಗಿದಾಗ ಆ ತುಕ್ಕು ಗಟ್ಟಿಯಾದ ತುಟಿಯನ್ನು ಕೆರೆಯುತ್ತದೆ. ಜಾಹೀರಾತಿನಲ್ಲಿ "ತುಂಬಾ ಕಡಿಮೆ ಓಡಿದೆ" ಅಂತ ಇದ್ದರೆ ನಾನು ಮೊದಲು ಸೀಲ್ ಬಗ್ಗೆ ಕೇಳುತ್ತೇನೆ.

ಎಡ ಬಲ ಹೋಲಿಸುವುದು

ಈ ಎಂಜಿನ್‌ನಲ್ಲಿ ದೋಷ ಹುಡುಕುವವರಿಗೆ ದೊಡ್ಡ ಅನುಕೂಲವೊಂದಿದೆ. ಎರಡು ಸಿಲಿಂಡರಿಗೆ ಎರಡು ಬೇರೆ ಬೇರೆ ಕ್ರ್ಯಾಂಕ್ ಕೋಣೆ, ಎರಡು ಕಾರ್ಬೊರೇಟರ್, ಪ್ಲಗ್ಗಿಗೆ ಕಿಡಿ ಕೊಡಲು ಎರಡು ಪಾಯಿಂಟ್, ಎರಡು ಕಾಯಿಲ್. ಒಂದು ಕಡೆ ಕೆಟ್ಟಿದ್ದರೆ ಇನ್ನೊಂದು ಕಡೆ ಅಳತೆಗೋಲು. ಹಾಗಾಗಿ ಏನನ್ನೇ ನೋಡಿದರೂ ಎರಡೂ ಕಡೆ ನೋಡಿ, ಪಕ್ಕಪಕ್ಕ ಇಟ್ಟು ನೋಡಿ.

ಪುಣೆಯ ಕೋಥ್ರೂಡಿನಲ್ಲಿ ನೋಡಿದ ಒಂದು ರಾಜದೂತ್ 350 ಎಚ್‌ಟಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಮಾರುತ್ತಿದ್ದವರು ಧಾರವಾಡದ ಕಡೆಯವರು, ಪುಣೆಯಲ್ಲೇ ನೌಕರಿ ಮಾಡಿ ನಿವೃತ್ತರಾದವರು. ಕೊಳ್ಳಲು ಬಂದ ಹುಡುಗ ಗೋವಾದ ವಾಸ್ಕೋದವನು, ಮನೆಯಲ್ಲಿ ಮಾತು ಕನ್ನಡವೇ. ಟ್ಯಾಂಕಿನ ಬಣ್ಣ, ಮೀಟರಿನ ಗಾಜು, ಟೂಲ್ ಕಿಟ್, ಎಲ್ಲವೂ ಕಣ್ಣಿಗೆ ಒತ್ತಿಕೊಳ್ಳುವ ಹಾಗಿದ್ದವು. "ಗಾಡಿ ಭಾಳ ಛಲೋ ಐತ್ರಿ. ಬಿಸಿ ಆದ ಮ್ಯಾಲೆ ರೇಸ್ ಒಂಚೂರು ಏರತೈತಿ, ಅಷ್ಟ" ಎಂದು ಅವರೇ ಮೊದಲು ಹೇಳಿದರು. ಮುಚ್ಚಿಡುವ ಮನುಷ್ಯರಲ್ಲ. "ಕಾಕಾ, ಗಾಡಿ ಸ್ಟಾರ್ಟ್ ಮಾಡಬ್ಯಾಡ್ರಿ, ನಾವು ಬರೋತನಕ ತಣ್ಣಗ ಇರಲಿ" ಎಂದು ಹುಡುಗ ಫೋನಿನಲ್ಲೇ ತಿಳಿಸಿದ್ದ. ಇದು ಬಹಳ ಮುಖ್ಯ. ಬಿಸಿ ಮಾಡಿಟ್ಟ ಎಂಜಿನ್ ಅರ್ಧ ಸತ್ಯ ಮಾತ್ರ ಹೇಳುತ್ತದೆ.

ತಣ್ಣಗಿದ್ದಾಗಲೇ ಏರ್ ಸ್ಕ್ರೂ ನೋಡಿ. ಈ ಗಾಡಿಯ ಮಿಕುನಿ ವಿಎಂ ಕಾರ್ಬೊರೇಟರಿನಲ್ಲಿ ಏರ್ ಸ್ಕ್ರೂ ಒಳಗೆ ತಿರುಗಿಸಿದಷ್ಟೂ ಪೆಟ್ರೋಲ್ ಜಾಸ್ತಿ, ಹೊರಗೆ ತಿರುಗಿಸಿದಷ್ಟೂ ಗಾಳಿ ಜಾಸ್ತಿ. ಮೆಲ್ಲಗೆ ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂರುತ್ತದೆ ಎಂದು ಎಣಿಸಿ, ಮತ್ತೆ ಅಷ್ಟೇ ಹೊರಗೆ ತನ್ನಿ. ಒಂದೂವರೆ ಸುತ್ತಿನ ಆಸುಪಾಸು ಇದ್ದರೆ ಸಹಜ. ಕಾಕಾ ಅವರ ಗಾಡಿಯಲ್ಲಿ ಬಲಗಡೆಯದು ಹಾಗೇ ಇತ್ತು. ಎಡಗಡೆಯದು ಅರ್ಧ ಸುತ್ತೂ ಇರಲಿಲ್ಲ, ಸ್ಕ್ರೂ ತಲೆಯ ಗೀರು ಎರಡೂ ಬದಿ ಸವೆದು ಹಿತ್ತಾಳೆ ಹೊಳೆಯುತ್ತಿತ್ತು. ಬಲಗಡೆಯ ಸ್ಕ್ರೂ ತಲೆ ಹೊಸದರ ಹಾಗಿತ್ತು. ಎಡಗಡೆ ಲೀನ್ ಆಗುತ್ತಿದೆ ಎಂದು ಯಾವುದೋ ಗ್ಯಾರೇಜಿನವರು ಮತ್ತೆ ಮತ್ತೆ ಆ ಸ್ಕ್ರೂ ಒಳಗೆ ತಿರುಗಿಸುತ್ತಾ ಬಂದಿದ್ದಾರೆ ಎಂದು ಇಷ್ಟರಲ್ಲೇ ಗೊತ್ತಾಯಿತು. ಗಾಡಿ ಇನ್ನೂ ಸ್ಟಾರ್ಟ್ ಆಗಿರಲಿಲ್ಲ.

ಹಳೆಯ ಪ್ಲಗ್ ಎರಡನ್ನೂ ಬಿಚ್ಚಿ ಒಂದು ಬಟ್ಟೆಯ ಮೇಲೆ ಎಡ ಎಡಕ್ಕೆ, ಬಲ ಬಲಕ್ಕೆ ಇಟ್ಟುಕೊಳ್ಳಿ. ಮೂಲ ಆರ್‌ಡಿಗೆ ಹೇಳಿದ್ದು ಎನ್‌ಜಿಕೆ ಬಿ8ಎಚ್‌ಎಸ್. ಎರಡೂ ಕಡೆ ಒಂದೇ ನಂಬರಿನದು ಇದೆಯಾ ನೋಡಿ. ಒಂದು ಕಡೆ ಬೇರೆ ನಂಬರ್ ಇದ್ದರೆ ಯಾಕೆ ಹಾಗೆ ಹಾಕಿದ್ದಾರೆ ಎಂದು ಕೇಳಲೇಬೇಕು. ಆಮೇಲೆ ಹೊಸ ಪ್ಲಗ್ ಜೋಡಿ ಹಾಕಿ.

ರೇಸ್ ಏರುತ್ತದಾ, ಬೀಳುತ್ತದಾ?

ಈಗ ಓಡಿಸಿ ಬಿಸಿ ಮಾಡಿ. ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 4000ದ ತನಕ ರೇಸ್ ಕೊಟ್ಟು ಪಟ್ಟನೆ ಬಿಡಿ. ಆರೋಗ್ಯವಾಗಿರುವ ಎಂಜಿನ್ ಕೂಡಲೇ ಇಳಿಯುತ್ತದೆ. ಮೇಲೆಯೇ ನಿಂತುಕೊಂಡರೆ ಚೋಕ್ ಎತ್ತಿ ನೋಡಿ. ಈ ಗಾಡಿಯ ಚೋಕ್ ಗಾಳಿಯ ಬಾಯಿ ಮುಚ್ಚುವ ಬಗೆಯದಲ್ಲ, ಹೆಚ್ಚಿನ ಪೆಟ್ರೋಲ್ ಕೊಡುವ ಬಗೆಯದು. ಚೋಕ್ ಎತ್ತಿದ ತಕ್ಷಣ ರೇಸ್ ಇಳಿದರೆ ಎಂಜಿನ್ ಲೀನ್ ಆಗಿದೆ ಎಂಬುದು ಖಚಿತ.

ಒಂದು ಎಚ್ಚರಿಕೆ. ರೇಸ್ ತಾನಾಗಿ ಏರುತ್ತಾ ಹೋದರೆ ಗಾಬರಿಯಲ್ಲಿ ಪೆಟ್ರೋಲ್ ಕಾಕ್ ಮುಚ್ಚಬೇಡಿ. ಕಾರ್ಬೊರೇಟರ್ ಬೌಲಿನಲ್ಲಿ ಪೆಟ್ರೋಲ್ ಕಡಿಮೆಯಾದಂತೆ ಇನ್ನೂ ಲೀನ್ ಆಗಿ ರೇಸ್ ಮತ್ತಷ್ಟು ಏರುತ್ತದೆ. ಕೀ ಆಫ್ ಮಾಡಿ. ತೀರಾ ಬಿಸಿಯಾದ ಎಂಜಿನ್ ಆಗಲೂ ನಿಲ್ಲದಿದ್ದರೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಡಿ, ಎಂಜಿನ್ ಆಫ್ ಆಗುತ್ತದೆ.

ರೇಸ್ ಏರುವ ಬದಲು ಬೀಳುತ್ತಿದ್ದರೆ, ಅಂದರೆ ಬಿಸಿಯಾದ ಮೇಲೆ ಒಂದು ಕಡೆ ಮಿಸ್ಸಿಂಗ್ ಹೊಡೆದು ನಿಂತುಹೋಗುತ್ತಿದ್ದರೆ, ಅದು ಬೇರೆ ದಾರಿ. ಕರೆಂಟ್ ಕಡೆ ಹೋಗಿ. ಈ ಗಾಡಿ ಬ್ಯಾಟರಿ ಮತ್ತು ಪಾಯಿಂಟ್ ಮೇಲೆ ಓಡುವಂಥದ್ದು, ಬ್ಯಾಟರಿ ಸೋತರೆ ಕಿಡಿಯೂ ಸೋಲುತ್ತದೆ. ಪಾಯಿಂಟ್ ಗ್ಯಾಪ್ 0.3ರಿಂದ 0.4 ಮಿ.ಮೀ. ಇರಲಿ. ಒಂದು ಪಾಯಿಂಟಿನಲ್ಲಿ ಜೋರು ಕಿಡಿ ಹಾರುತ್ತಾ ಮುಖ ಸುಟ್ಟಿದ್ದರೆ ಕಂಡೆನ್ಸರ್ ಹೋಗಿದೆ. ಕಾಯಿಲ್ ಮೇಲೆ ಅನುಮಾನ ಇದ್ದರೆ ಕಾಯಿಲ್ಲಿಗೆ ಬರುವ ಸಣ್ಣ ತಂತಿ, ಪ್ಲಗ್ಗಿಗೆ ಹೋಗುವ ದಪ್ಪ ತಂತಿ ಎರಡನ್ನೂ ಎಡ ಬಲ ಅದಲುಬದಲು ಮಾಡಿ. ದೋಷವೂ ಇನ್ನೊಂದು ಕಡೆಗೆ ಹೋದರೆ ಕಾಯಿಲ್, ಅಲ್ಲೇ ಉಳಿದರೆ ಕಾಯಿಲ್ ಅಲ್ಲ. ಇಷ್ಟು ಹಳೆಯ ಗಾಡಿಯಲ್ಲಿ ವೈರಿಂಗ್ ಬದಲಾಗಿರುವುದೇ ಜಾಸ್ತಿ, ಆದ್ದರಿಂದ ತಂತಿಯ ಬಣ್ಣ ನಂಬದೆ ಕೈಯಲ್ಲಿ ಹಿಡಿದು ಕೊನೆತನಕ ಹೋಗಿ ನೋಡಿ.

ಟೈಮಿಂಗ್ ಮಾತ್ರ ಎರಡೂ ದಾರಿಗೆ ಸೇರಿದ್ದು. ಮೂಲ ಆರ್‌ಡಿ 350ಯಲ್ಲಿ ಪಿಸ್ಟನ್ ತುದಿ ಮುಟ್ಟಲು 2.0 ಮಿ.ಮೀ. ಇರುವಾಗ ಪಾಯಿಂಟ್ ತೆರೆಯಬೇಕು. ಡಯಲ್ ಗೇಜ್ ಪ್ಲಗ್ ತೂತಿನಲ್ಲಿ ಇಟ್ಟು ಎರಡೂ ಸಿಲಿಂಡರಿಗೆ ಬೇರೆ ಬೇರೆಯಾಗಿ ನೋಡಬೇಕು. ಕಣ್ಣಂದಾಜಿನಲ್ಲಿ ಇಟ್ಟು ಒಂದು ಕಡೆ ಮುಂಚೆಯೇ ಕಿಡಿ ಬೀಳುತ್ತಿದ್ದರೆ ಆ ಪಿಸ್ಟನ್ ಕೂಡ ವಿಪರೀತ ಬಿಸಿಯಾಗುತ್ತದೆ. ಆಗ ಲೀನ್ ದೋಷವೂ ಟೈಮಿಂಗ್ ದೋಷವೂ ಸೇರಿ ಹುಡುಕುವವರನ್ನು ದಾರಿ ತಪ್ಪಿಸುತ್ತವೆ.

ಸುಲಭದ್ದನ್ನು ಮೊದಲು ತೆಗೆದುಹಾಕಿ

ಎಂಜಿನ್ ಓಡುತ್ತಿರುವಾಗ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ರೇಸ್ ಬದಲಾದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ, ಅದನ್ನು ಸರಿಯಾದ ದಾರಿಯಲ್ಲಿ ಹಾಯಿಸಿದರೆ ಮುಗಿಯಿತು. ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್ ಬಾಯಲ್ಲಿ ನೋಡಿ, ಆಕ್ಸಿಲರೇಟರ್ ತಿರುಗಿಸಿದಾಗ ಎರಡೂ ಸ್ಲೈಡ್ ಒಟ್ಟಿಗೆ ಏಳಬೇಕು, ಒಟ್ಟಿಗೆ ಕೂರಬೇಕು. ಸ್ಲೈಡ್ ಸವೆದು ಅಂಟಿಕೊಳ್ಳುತ್ತಿದ್ದರೂ ರೇಸ್ ಇಳಿಯುವುದಿಲ್ಲ. ತುಂಬಾ ದೂರ ಓಡಿದ ಮೇಲೆ ಎಳೆತ ಕಡಿಮೆಯಾಗಿ, ಟ್ಯಾಂಕ್ ಮುಚ್ಚಳ ತೆರೆದ ಕೂಡಲೇ ಸರಿಹೋದರೆ ಮುಚ್ಚಳದ ಗಾಳಿಕಂಡಿ ಕಟ್ಟಿದೆ. ಪೆಟ್ರೋಲ್ ಕಾಕ್‌ನ ಜಾಲರಿಯೂ ನೋಡಿ. ಇವೆಲ್ಲ ಹದಿನೈದು ನಿಮಿಷದ ಕೆಲಸ.

ಆಮೇಲೆ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬೂಟ್. ಹೊರಗಿನಿಂದ ಕರ್‍ರಗೆ ಹೊಳೆಯುತ್ತಿದ್ದರೂ ನಂಬಬೇಡಿ, ರಬ್ಬರಿಗೆ ಪಾಲಿಶ್ ಹಾಕಿರುತ್ತಾರೆ. ಕ್ಲಾಂಪ್ ಸಡಿಲಿಸಿ ಬೂಟನ್ನು ಕೈಯಲ್ಲಿ ಬಗ್ಗಿಸಿ. ಕ್ಲಾಂಪ್ ಕೂರುವ ಗೆರೆಯ ಕೆಳಗೆ ಕೂದಲೆಳೆಯಂಥ ಬಿರುಕು ಬಾಯಿ ಬಿಡುತ್ತದೆ. ಎಂಜಿನ್ ಓಡುವಾಗ ಪರೀಕ್ಷಿಸಬೇಕಿದ್ದರೆ ಗಿಡಕ್ಕೆ ಹೊಡೆಯುವ ಸ್ಪ್ರೇಯಲ್ಲಿ ಬರೀ ನೀರು ತುಂಬಿ ಬೂಟಿನ ಸುತ್ತ ಹೊಡೆಯಿರಿ. ರೇಸ್ ಏರುಪೇರಾದರೆ ಅಲ್ಲಿ ಗಾಳಿ ಹೋಗುತ್ತಿದೆ. ಪೆಟ್ರೋಲನ್ನೋ ಕಾರ್ಬೊರೇಟರ್ ಕ್ಲೀನರನ್ನೋ ಬಿಸಿ ಎಂಜಿನ್ ಮೇಲೆ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಬೆಂಕಿ ಹತ್ತುತ್ತದೆ, ಬೇಡ.

ಕೋಥ್ರೂಡಿನ ಗಾಡಿಯಲ್ಲಿ ಎಡಗಡೆಯ ಬೂಟಿನಲ್ಲಿ ಬಿರುಕು ಸಿಕ್ಕಿತು. ಎಲ್ಲರಿಗೂ ನೆಮ್ಮದಿ. ನಾನಾ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಬೂಟ್ ತಂದು ಹಾಕಿದ್ದಾಯಿತು. ರೇಸ್ 3000ದಿಂದ 2000ದ ಹತ್ತಿರ ಬಂತು, ಆದರೆ ಪೂರ್ತಿ ಇಳಿಯಲಿಲ್ಲ. ತುಂಬಾ ಜನ ಇಲ್ಲಿಗೇ ನಿಲ್ಲಿಸಿ ಉಳಿದದ್ದನ್ನು ಏರ್ ಸ್ಕ್ರೂನಲ್ಲಿ ಸರಿಮಾಡಿಬಿಡುತ್ತಾರೆ. ಒಂದು ಸಂದಿ ಸಿಕ್ಕಿತು ಎಂದರೆ ಅದೊಂದೇ ಸಂದಿ ಎಂದು ಅರ್ಥವಲ್ಲ. ದೋಷ ಕಡಿಮೆಯಾದರೆ ಸಾಲದು, ಪೂರ್ತಿ ಹೋಗಬೇಕು.

ಪ್ಲಗ್ ಏನು ಹೇಳುತ್ತದೆ

ಹೊಸ ಪ್ಲಗ್ ಹಾಕಿ ಬೆಳಿಗ್ಗೆ ಬೇಗ ಹಳೆಯ ಕಾತ್ರಜ್ ಘಾಟಿನ ಕಡೆ ಹೋದೆವು. ವಾಹನ ಕಡಿಮೆ ಇರುವ ಏರುದಾರಿ ಬೇಕು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒಂದೇ ಮಟ್ಟದಲ್ಲಿ ಹಿಡಿದು ಸ್ವಲ್ಪ ದೂರ ಎಳೆಸಿ, ಒಟ್ಟಿಗೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಬದಿಗೆ ನಿಲ್ಲಿಸಬೇಕು. ಸ್ಲೋ ಸ್ಪೀಡಿನಲ್ಲಿ ಮನೆತನಕ ಬಂದು ಪ್ಲಗ್ ಬಿಚ್ಚಿದರೆ ಏನೂ ತಿಳಿಯುವುದಿಲ್ಲ.

ಬಲಗಡೆಯ ಪ್ಲಗ್ಗಿನ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿತ್ತು, ತುದಿಯ ಅಂಚು ಚೂಪಾಗಿತ್ತು. ಎಡಗಡೆಯದು ಬೆಳ್ಳಗೆ ಸುಣ್ಣ ಬಳಿದ ಹಾಗಿತ್ತು, ಹೊರಗಿನ ಕಡ್ಡಿಯ ಬಣ್ಣ ಬುಡದ ತನಕ ಬದಲಾಗಿತ್ತು, ಪಿಂಗಾಣಿಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಹೊಳಪಿನ ಕಣಗಳು ಅಂಟಿದ್ದವು. ಆ ಕಣಗಳು ಪಿಸ್ಟನ್ನಿನ ಅಲ್ಯೂಮಿನಿಯಂ. ಅದನ್ನು ನೋಡಿದ ಮೇಲೆ ಗಾಡಿಯನ್ನು ಮತ್ತೆ ಜೋರಾಗಿ ಓಡಿಸಲಿಲ್ಲ. ಬೂಟ್ ಬದಲಿಸಿದ ಮೇಲೂ ಹೀಗಿದೆ ಎಂದರೆ ಎಡಗಡೆಯ ಕೋಣೆಗೇ ಇನ್ನೊಂದು ಕಡೆಯಿಂದ ಗಾಳಿ ಬರುತ್ತಿದೆ.

ಇಲ್ಲಿ ಎಡ ಮತ್ತು ಬಲ ಸೀಲಿನ ವ್ಯತ್ಯಾಸ ತಿಳಿದಿರಬೇಕು. ಎಡಗಡೆಯ ಸೀಲ್ ಡೈನಮೋ ಹಿಂದೆ ಇರುತ್ತದೆ, ಅದರ ಆಚೆ ಇರುವುದು ಬರೀ ಗಾಳಿ. ಅದು ಹೋದರೆ ಎಡ ಪ್ಲಗ್ ಬೆಳ್ಳಗಾಗುತ್ತದೆ, ರೇಸ್ ಏರುತ್ತದೆ. ಬಲಗಡೆಯ ಸೀಲಿನ ಆಚೆ ಇರುವುದು ಕ್ಲಚ್ ಮತ್ತು ಗೇರ್ ಆಯಿಲ್. ಅದು ಹೋದರೆ ಎಂಜಿನ್ ಗೇರ್ ಆಯಿಲ್ಲನ್ನೇ ಎಳೆದು ಸುಡುತ್ತದೆ. ಬಿಸಿಯಾದ ಮೇಲೂ ಬಲ ಸೈಲೆನ್ಸರಿನಿಂದ ದಟ್ಟ ಹೊಗೆ ನಿಲ್ಲುವುದಿಲ್ಲ, ಪೆಟ್ರೋಲ್ ಜೊತೆ ಸುಡುವ 2ಟಿ ಎಣ್ಣೆಯ ವಾಸನೆ ಬಿಟ್ಟು ಬೇರೆಯೇ ವಾಸನೆ ಬರುತ್ತದೆ, ಗೇರ್ ಬಾಕ್ಸಿನ ಆಯಿಲ್ ಕಾಣೆಯಾಗುತ್ತಾ ಹೋಗುತ್ತದೆ. ಪ್ಲಗ್ ಮಾತ್ರ ಕಪ್ಪಗೇ ಇರುತ್ತದೆ, ಆದ್ದರಿಂದ ಬಲಗಡೆ ಬರೀ ಪ್ಲಗ್ ನೋಡಿದರೆ ಮೋಸ ಹೋಗುತ್ತೀರಿ. ಮಾರುವ ಮುಂಚೆ ಗೇರ್ ಆಯಿಲ್ ಹೊಸದಾಗಿ ತುಂಬಿಸಿದ್ದಾರಾ ಎಂದು ಕೇಳಿ.

ಗಾಳಿ ತುಂಬಿ ಪರೀಕ್ಷೆ

ಅನುಮಾನಕ್ಕೆ ಕೊನೆ ಹಾಡುವುದು ಒಂದೇ ಪರೀಕ್ಷೆ, ಎಂಜಿನ್ನಿನ ಒಳಗೆ ಗಾಳಿ ತುಂಬಿ ಅದು ನಿಲ್ಲುತ್ತದಾ ನೋಡುವುದು. ಅರ್ಧ ದಿನ ಸಾಕು, ಎಂಜಿನ್ ಇಳಿಸಬೇಕಿಲ್ಲ. ಇಷ್ಟು ಬೆಲೆಬಾಳುವ ಗಾಡಿಯನ್ನು ಈ ಪರೀಕ್ಷೆ ಇಲ್ಲದೆ ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡೂ ಸೈಲೆನ್ಸರ್ ಪೈಪ್, ಎರಡೂ ಕಾರ್ಬೊರೇಟರ್ ತೆಗೆಯಿರಿ. ಸೈಲೆನ್ಸರ್ ಕಡೆಯ ಎರಡು ಬಾಯಿಗೆ, ನಡುವೆ ಬೋಲ್ಟ್ ಬಿಗಿದರೆ ಉಬ್ಬುವ ರಬ್ಬರ್ ಬಿರಡೆ ಹಾಕಿ. ಕಾರ್ಬೊರೇಟರ್ ಕಡೆಯ ಒಂದು ಬೂಟಿಗೆ ಗಟ್ಟಿ ಬಿರಡೆ, ಇನ್ನೊಂದಕ್ಕೆ ಸಣ್ಣ ಕೊಳವೆ ಇರುವ ಬಿರಡೆ ಇಟ್ಟು ಕ್ಲಾಂಪ್ ಬಿಗಿಯಿರಿ. ಆಯಿಲ್ ಪಂಪಿನ ಸಣ್ಣ ಕೊಳವೆಗಳು ಬಂದು ಸೇರುವ ಜಾಗವೂ ಮುಚ್ಚಿರಬೇಕು. ಪ್ಲಗ್ ಎರಡೂ ಬಿಗಿಯಾಗಿರಲಿ. ಎರಡು ಕೋಣೆಗಳ ನಡುವೆ ಕ್ರ್ಯಾಂಕಿನಲ್ಲಿರುವ ಸೀಲ್ ಶಾಫ್ಟಿಗೆ ಒತ್ತಿ ಕೂರುವಂಥದ್ದಲ್ಲ, ಬರೀ ಗೀರುಗಳ ಸಾಲು. ಅದರ ಮೂಲಕ ಗಾಳಿ ಸ್ವಲ್ಪ ಸ್ವಲ್ಪವೇ ಆಚೆಗೆ ಹೋಗುತ್ತದೆ. ಅದಕ್ಕೇ ಒಂದು ಕಡೆ ಮಾತ್ರ ಮುಚ್ಚಿ ಪರೀಕ್ಷಿಸಿದರೆ ಚೆನ್ನಾಗಿರುವ ಎಂಜಿನ್ ಕೂಡ ಸೋರಿದ ಹಾಗೆ ಕಾಣುತ್ತದೆ.

ಗಾಳಿ ತುಂಬಲು ಮನೆಯಲ್ಲಿರುವ ಬಿಪಿ ನೋಡುವ ಯಂತ್ರ ಸಾಕು, ಮುಳ್ಳಿನ ಗಡಿಯಾರ ಮತ್ತು ಒತ್ತುವ ಬಲ್ಬ್ ಇರುವಂಥದ್ದು. ಕೈಗೆ ಸುತ್ತುವ ಪಟ್ಟಿ ಬಿಚ್ಚಿ ಕೊಳವೆಯನ್ನು ಬಿರಡೆಗೆ ಸೇರಿಸಿ. ಈ ಎಂಜಿನ್ನಿಗೆ ಬೇಕಾದ ಒತ್ತಡ ಸುಮಾರು 6 ಪಿಎಸ್‌ಐ. ಬಿಪಿ ಗಡಿಯಾರದ ಕೊನೆಯ ಗೆರೆ 300, ಅದು 5.8 ಪಿಎಸ್‌ಐ. 280ರ ತನಕ ತುಂಬಿದರೆ ಬೇಕಾದಷ್ಟಾಯಿತು. ಕಂಪ್ರೆಸರ್ ತರಬೇಡಿ, ಒತ್ತಡ ಜಾಸ್ತಿಯಾದರೆ ಚೆನ್ನಾಗಿರುವ ಸೀಲೂ ಜಾಗ ಬಿಟ್ಟು ಬರುತ್ತದೆ.

ತುಂಬಿ ಸುಮ್ನೆ ನೋಡುತ್ತಾ ನಿಲ್ಲಿ. ಒಂದು ನಿಮಿಷಕ್ಕೆ 1 ಪಿಎಸ್‌ಐ, ಅಂದರೆ ಗಡಿಯಾರದಲ್ಲಿ 50ರಷ್ಟು ಇಳಿದರೆ ಅದೇ ಗಡಿ. ನನ್ನ ಪ್ರಕಾರ ಒಳ್ಳೆಯ ಎಂಜಿನ್ ಅದಕ್ಕಿಂತ ತುಂಬಾ ಚೆನ್ನಾಗಿ ಹಿಡಿದುಕೊಳ್ಳಬೇಕು. ಬೇಗ ಇಳಿದರೆ ಮೊದಲು ನಿಮ್ಮದೇ ಬಿರಡೆಗಳ ಸುತ್ತ ಸೋಪಿನ ನೀರು ಹಚ್ಚಿ, ಸೋರುವುದು ಅಲ್ಲೇ ಜಾಸ್ತಿ. ಅವು ಸರಿಯಿದ್ದರೆ ರೀಡ್ ಕೇಜ್ ಕೂರುವ ಜಾಗ, ಸಿಲಿಂಡರಿನ ಬುಡದ ಪ್ಯಾಕಿಂಗ್, ಹೆಡ್, ಕೇಸಿನ ಎರಡು ಭಾಗ ಸೇರುವ ಗೆರೆ ಎಲ್ಲ ನೋಡಿ. ಬಲಗಡೆಯ ಸೀಲ್ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಗೇರ್ ಆಯಿಲ್ ತುಂಬುವ ಮುಚ್ಚಳ ತೆರೆದು, ಗೇರ್ ಬಾಕ್ಸಿನ ಉಸಿರುಕೊಳವೆಯನ್ನು ಬೆರಳಿನಿಂದ ಮುಚ್ಚಿ, ಮುಚ್ಚಳದ ಬಾಯಿಗೆ ಸೋಪಿನ ಪೊರೆ ಕಟ್ಟಿ. ಪೊರೆ ಉಬ್ಬಿದರೆ ಬಲಗಡೆಯ ಸೀಲ್ ಸೋರುತ್ತಿದೆ.

ಕಾಕಾ ಅವರ ಗಾಡಿಯಲ್ಲಿ ಪೊರೆ ಅಲುಗಲಿಲ್ಲ. ಆದರೆ ಮುಳ್ಳು ಕಣ್ಣೆದುರಿಗೇ ಇಳಿಯುತ್ತಿತ್ತು. ಡೈನಮೋ ಬಿಚ್ಚಿ ಎಡಗಡೆಯ ಸೀಲಿನ ಸುತ್ತ ಬ್ರಷ್‌ನಿಂದ ಸೋಪಿನ ನೀರು ಹಚ್ಚಿದಾಗ, ಶಾಫ್ಟಿನ ಕೆಳಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಬರತೊಡಗಿದವು. ಶಾಫ್ಟನ್ನು ಸ್ವಲ್ಪ ತಿರುಗಿಸಿದರೆ ಒಂದು ಜಾಗದಲ್ಲಿ ನಿಲ್ಲುತ್ತಿದ್ದವು, ಇನ್ನೊಂದು ಜಾಗದಲ್ಲಿ ಜೋರಾಗುತ್ತಿದ್ದವು. ತುಟಿ ಕೂರುವಲ್ಲಿ ತುಕ್ಕಿನ ಗುರುತು ಇದೆ ಎಂದು ಅದರಿಂದಲೇ ತಿಳಿಯಿತು. ಕಾಕಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಇಷ್ಟ ದಿನಾ ಕಾರ್ಬೊರೇಟರ್‌ಗೆ ಸುಮ್ನ ರೊಕ್ಕಾ ಹಾಕಿದ್ನೆಲ್ಲೋ" ಎಂದರು.

ಏನು ಬದಲಿಸಬೇಕು, ಏನು ಬೇಡ

ಸೀಲ್ ಹೋಗಿದೆ ಎಂದು ತಿಳಿದ ಮೇಲೆ ಅದೊಂದನ್ನೇ ಬದಲಿಸಿ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಎರಡೂ ಕಡೆಯ ಸೀಲಿಗೆ ಒಂದೇ ವಯಸ್ಸು. ಎಂಜಿನ್ ಇಳಿಸಿ ಕೇಸ್ ಬಿಚ್ಚಿ, ಎರಡೂ ಸೀಲ್, ಕ್ರ್ಯಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡಿನ ಆಟ ಎಲ್ಲ ಒಮ್ಮೆಗೇ ನೋಡಿ. ಎಡ ಪಿಸ್ಟನ್ ಹೊರತೆಗೆದು ಸೈಲೆನ್ಸರ್ ಕಡೆಯ ಮೈಯಲ್ಲಿ ಉದ್ದುದ್ದ ಗೀರು ಇದೆಯಾ ನೋಡಿ. ರೀಡ್ ಎಲೆಗಳನ್ನು ಬೆಳಕಿಗೆ ಹಿಡಿಯಿರಿ, ಸಂದಿ ಕಾಣಬಾರದು. ಮೂಲದಲ್ಲಿ ಅವು ತೆಳು ಸ್ಟೀಲ್, ಮೂಲೆ ಮುರಿದು ಒಳಗೆ ಹೋದರೆ ಬೋರ್ ಹಾಳು.

ಸೀಲ್ ತರುವಾಗ ಒಂದು ಮಾತು. 1980ರ ದಶಕದ ಇನ್ನೂ ಬಿಚ್ಚದ ಒರಿಜಿನಲ್ ಪ್ಯಾಕೆಟ್ ಸಿಕ್ಕಿತು ಎಂದು ಖುಷಿಪಡುವವರಿದ್ದಾರೆ. ಪಿಸ್ಟನ್ನಿಗೋ ಗೇರಿಗೋ ಅದು ಸರಿ, ರಬ್ಬರಿಗೆ ಅಲ್ಲ. ಪ್ಯಾಕೆಟ್ಟಿನಲ್ಲಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹೊಸದಾಗಿ ತಯಾರಾದ ಸೀಲೇ ಬೇಕು, ಸಿಕ್ಕರೆ ವಿಟಾನ್ ರಬ್ಬರಿನದು. ಬಿಸಿಯನ್ನೂ ಎಥನಾಲ್ ಬೆರೆಸಿದ ಪೆಟ್ರೋಲನ್ನೂ ಅದು ಚೆನ್ನಾಗಿ ತಾಳುತ್ತದೆ. ಶಾಫ್ಟಿನ ತುಕ್ಕನ್ನು ತೀರಾ ನಯವಾದ ಎಮರಿ ಪೇಪರಿನಿಂದ ತಿಕ್ಕಿ, ಉಗುರಿಗೆ ತಗಲುವಷ್ಟು ಗುಂಡಿ ಉಳಿದಿದೆಯಾ ನೋಡಿ. ಉಳಿದಿದ್ದರೆ ಹೊಸ ಸೀಲ್ ಕೂಡ ಬಾಳುವುದಿಲ್ಲ, ಲೇತ್ ಗೊತ್ತಿರುವವರ ಹತ್ತಿರ ಹೋಗಬೇಕಾಗುತ್ತದೆ.

ಕೋಥ್ರೂಡಿನಲ್ಲಿ ರಿಪೇರಿ ಖರ್ಚನ್ನು ಬೆಲೆಯಲ್ಲಿ ಇಳಿಸುವುದೆಂದು ಮಾತಾಯಿತು. ಪರೀಕ್ಷೆಯನ್ನು ಮಾರುವವರ ಎದುರಿಗೇ ಮಾಡಿದ್ದರಿಂದ ಚೌಕಾಸಿಯೇ ಬೇಕಾಗಲಿಲ್ಲ. ಮಾರುವವರಿಗೂ ನನ್ನ ಸಲಹೆ ಇದೇ: ಜಾಹೀರಾತು ಕೊಡುವ ಮುಂಚೆ ನೀವೇ ಈ ಪರೀಕ್ಷೆ ಮಾಡಿಸಿ, ಗಡಿಯಾರದ ವಿಡಿಯೋ ಇಟ್ಟುಕೊಳ್ಳಿ. ಒಳ್ಳೆಯ ಗಾಡಿಗೆ ಒಳ್ಳೆಯ ಬೆಲೆ ಕೇಳಲು ಅದಕ್ಕಿಂತ ಗಟ್ಟಿ ಆಧಾರ ಬೇಡ.

ಘಾಟ್ ಇಳಿಯುವವರಿಗೆ

ಎಂಜಿನ್ ಜೋಡಿಸಿ ಮತ್ತೆ ಗಾಳಿ ತುಂಬಿ ನೋಡಿ, ನಿಂತರೆ ಮಾತ್ರ ಜೆಟ್ಟಿನ ಮಾತು. ಈಗ ಜೆಟ್ಟಿನ ಮಾತು ನಿಜವಾಗಿಯೂ ಬೇಕು, ಎರಡು ಕಾರಣಕ್ಕೆ. ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥನಾಲ್ ಇರುವ ಇ20 ಪೆಟ್ರೋಲ್. ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5 ಸಾಕು. ಅಂದರೆ ಹಳೆಯ ಜೆಟ್‌ನಲ್ಲಿ ಗಾಡಿ ಮೊದಲೇ ಸ್ವಲ್ಪ ಲೀನ್. ಎರಡನೆಯದು ಊರು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ಸರಿಯಾಗಿ ಟ್ಯೂನ್ ಆದ ಗಾಡಿ ಮುಂಬೈಗೋ ವಾಸ್ಕೋಗೋ ಇಳಿದರೆ ಅಲ್ಲಿನ ಗಾಳಿ ದಟ್ಟ, ಮತ್ತೆ ಲೀನ್ ಕಡೆಗೇ ವಾಲುತ್ತದೆ. ಇದರ ಮೇಲೆ ಸೀಲಿನ ಕಳ್ಳಗಾಳಿಯೂ ಸೇರಿದ್ದರೆ ಪುಣೆಯಲ್ಲಿ ಹೇಗೋ ತಾಳಿಕೊಂಡಿದ್ದ ಪಿಸ್ಟನ್ ಕೊಂಕಣದ ಸಮತಟ್ಟು ರಸ್ತೆಯಲ್ಲಿ ಹಿಡಿದುಕೊಳ್ಳುತ್ತದೆ.

ಹಾಗಾಗಿ ಮೇನ್ ಜೆಟ್ ಒಂದು ಸೈಜ್ ಏರಿಸಿ ಹೊರಡುವುದು ಒಳ್ಳೆಯದು. ಘಾಟಿನಲ್ಲಿ ಇನ್ನೊಂದು ಅಪಾಯವಿದೆ. ಎಂಜಿನ್ನಿಗೆ ತಾನಾಗಿಯೇ 2ಟಿ ಹಾಕುವ ಆಟೋಲ್ಯೂಬ್ ಪಂಪ್ ಎಣ್ಣೆ ಕೊಡುವುದು ರೇಸ್ ಮತ್ತು ಆಕ್ಸಿಲರೇಟರ್ ಎರಡನ್ನೂ ನೋಡಿ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಎಂಜಿನ್ ಬ್ರೇಕ್ ಮೇಲೆ ಉದ್ದಕ್ಕೂ ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಾಲದು. ಅಂಬೋಲಿ ಇಳಿಯುವಾಗಲೂ, ಚೋರ್ಲಾ ಇಳಿಯುವಾಗಲೂ ಆಗಾಗ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡುತ್ತಿರಿ. ಮುಂಬೈ ಕಡೆ ಹೋಗುವವರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಅವಕಾಶವಿಲ್ಲ, ಹಳೆಯ ಹೆದ್ದಾರಿಯ ಖಂಡಾಳಾ ಇಳಿಜಾರಿಗೂ ಇದೇ ಮಾತು. ಪಂಪ್ ಬಿಚ್ಚಿದ್ದರೆ ಕೊಳವೆಯಲ್ಲಿ ಗಾಳಿಗುಳ್ಳೆ ಉಳಿಯದ ಹಾಗೆ ನೋಡಿಕೊಳ್ಳಿ, ಮೊದಲ ಟ್ಯಾಂಕಿನ ಪೆಟ್ರೋಲಿಗೆ ಲೀಟರಿಗೆ 20 ಮಿ.ಲೀ. 2ಟಿ ಎಣ್ಣೆಯನ್ನೂ ಬೆರೆಸಿ. ಹೊಗೆ ಸ್ವಲ್ಪ ಜಾಸ್ತಿ ಬರುತ್ತದೆ, ಬರಲಿ.

ಕೆಳಗೆ ಮುಟ್ಟಿದ ಮೇಲೆ ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಹೊಸ ಪ್ಲಗ್ ಜೋಡಿ ಹಾಕಿ ಮತ್ತೊಮ್ಮೆ ಅದೇ ಥರ ಓಡಿಸಿ ಆಫ್ ಮಾಡಿ ನೋಡಿ. ಎರಡೂ ಒಂದೇ ಸಮ ಬೆಳ್ಳಗಿದ್ದರೆ ಅದು ಜೆಟ್ಟಿನ ವಿಷಯ, ಇನ್ನೊಂದು ಸೈಜ್ ಏರಿಸಿ, ಸ್ಲೋ ಸ್ಪೀಡಿಗೆ ಏರ್ ಸ್ಕ್ರೂ ಕಾಲು ಸುತ್ತು ಒಳಗೆ ತನ್ನಿ. ಒಂದೇ ಕಡೆ ಬೆಳ್ಳಗಿದ್ದರೆ ಜೆಟ್ ಮುಟ್ಟಬೇಡಿ, ಬಿರಡೆ ಮತ್ತು ಬಿಪಿ ಗಡಿಯಾರ ಮತ್ತೆ ಹೊರತೆಗೆಯಿರಿ.